ಜೀವಂತ ಲೇಖಕರಿಗೆ ಮಾತ್ರ

ನನ್ನ ತಮ್ಮನನ್ನು ಮಣ್ಣು ಮಾಡಿ ಬಂದ ಮರುದಿನ, ಅವನ ಪುಸ್ತಕ ದೆಹಲಿಯ ಒಂದು ದೊಡ್ಡ ಬಹುಮಾನದ ಮೊದಲ ಪಟ್ಟಿಯಲ್ಲಿದೆ ಎಂದು ಮೇಲ್ ಬಂತು. ನೌಬಾದದ ಅವನ ಮನೆಯಲ್ಲಿ ನಾನು ಬಂದವರ ಚಹದ ಲೋಟ ತೊಳೆಯುತ್ತಿದ್ದೆ. ಕೈ ಒರೆಸಿಕೊಂಡು ಓದಿದೆ, ಫೋನು ಕಿಟಕಿಯಲ್ಲಿಟ್ಟೆ, ಉಳಿದ ಲೋಟ ತೊಳೆದೆ. ಏನೂ ಅನ್ನಿಸಲಿಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚಿದ ಮೇಲೆ ನಮ್ಮ ದವಡೆ ನಮ್ಮದಲ್ಲದ ಹಾಗೆ ಆಗುತ್ತದಲ್ಲ, ಹಾಗಿದ್ದೆ. ಅದು ಇಳಿಯಲು ಎರಡು ತಿಂಗಳು ಹಿಡಿಯಿತು.

ಅವನು ಔರಾದ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಮಾಸ್ತರ. ನಾನು ಭಾಲ್ಕಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು. ಇಬ್ಬರ ಮನೆಯೂ ಬೀದರಿಗೆ ಹತ್ತಿದ ನೌಬಾದದಲ್ಲಿ, ನಡುವೆ ಎರಡು ಓಣಿ. ಬೆಳಿಗ್ಗೆ ಅವನ ಬಸ್ಸು ಜನವಾಡದ ದಾರಿ ಹಿಡಿದರೆ ನನ್ನದು ಭಾಲ್ಕಿಯ ದಾರಿ. ಅವನ ಹೆಂಡತಿ ಬೀದರಿನ ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಅವ್ವನೂ ನರ್ಸೇ ಆಗಿದ್ದಳು. ನಮ್ಮ ಚರ್ಚಿನ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಸೂಜಿಯೋ ಸೀಮೆಸುಣ್ಣವೋ ಎರಡರಲ್ಲೊಂದು ಇದ್ದದ್ದೇ. ತಮ್ಮ ಮಾತ್ರ ಮಾಸ್ತರಕಿಯ ಜೊತೆಗೆ ಕಥೆ ಬರೆಯುವ ಚಟ ಹಚ್ಚಿಕೊಂಡಿದ್ದ. ಬರೆಯುತ್ತಿದ್ದದ್ದು ಕನ್ನಡದಲ್ಲಿ, ಮಕ್ಕಳು ಬಿಟ್ಟುಹೋದ ನೋಟ್‌ಬುಕ್ಕುಗಳ ಖಾಲಿ ಹಾಳೆಗಳಲ್ಲಿ. ಅಚ್ಚಾದ ಒಂದೇ ಸಂಕಲನದ ಅರ್ಧ ಪ್ರತಿಗಳು ಇನ್ನೂ ನಮ್ಮ ಅಟ್ಟದ ಮೇಲಿವೆ.

ನಾನು ಕಲಿಸುವ ಪೇಪರು, ಭಾರತೀಯರು ಇಂಗ್ಲಿಷಿನಲ್ಲಿ ಬರೆದ ಸಾಹಿತ್ಯದ್ದು. ನಾನು ಓದುವಾಗ ಅದು ಪಠ್ಯದ ಕಟ್ಟಕಡೆಯ ಘಟಕವಾಗಿತ್ತು. ನಮ್ಮ ಮೇಷ್ಟ್ರು ಪರೀಕ್ಷೆಗೆ ಬರುವುದಿಲ್ಲ ಎಂದು ಹಾರಿಸಿಬಿಡುತ್ತಿದ್ದರು. ಆಮೇಲೆ ನಮ್ಮವರ ಕಾದಂಬರಿಗಳಿಗೆ ಲಂಡನ್ನಿನಲ್ಲಿ ಬಹುಮಾನ ಬರತೊಡಗಿದವು. ಒಂದೊಂದು ಬಹುಮಾನಕ್ಕೂ ಆ ಘಟಕ ಪಠ್ಯದಲ್ಲಿ ಒಂದೊಂದು ಮೆಟ್ಟಿಲು ಮೇಲೆ ಬಂತು. ನಾನು ಪಾಠಕ್ಕೆ ನಿಲ್ಲುವ ಹೊತ್ತಿಗೆ ಅದೇ ಒಂದು ಇಡೀ ಪೇಪರಾಗಿತ್ತು. ಮುಖಪುಟಕ್ಕೆ ಗುಂಡನೆಯ ಬಂಗಾರದ ಚೀಟಿ ಅಂಟಿದ್ದರೆ ನಮ್ಮ ಗ್ರಂಥಾಲಯ ತರಿಸುತ್ತಿತ್ತು, ಇಲ್ಲದಿದ್ದರೆ ಇಲ್ಲ. ಓದಿ ಆರಿಸುವ ಕೆಲಸವನ್ನು ಚೀಟಿಯೇ ಮಾಡುತ್ತಿತ್ತು ಅನ್ನಿ.

ನನ್ನ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಎದ್ದು ನಿಂತು ಕೇಳಿದಳು: "ಮ್ಯಾಡಮ್, ಈ ಕಾದಂಬರಿಯಾಗಿನ ಮಂದಿ ಮನಿಯಾಗ ಉಪ್ಪಿನಕಾಯಿ ಬೇಡೋವಾಗೂ ಇಂಗ್ಲಿಷ್‌ನಾಗೇ ಬೇಡ್ತಾರೇನ್ರಿ?" ನಾನು ನಗದೆ ಹೌದೆಂದೆ. ಆದರೆ ಅದು ನನ್ನದೇ ಹಳೆಯ ಹೊಟ್ಟೆಯುರಿ. ಅದನ್ನು ಸೆಮಿನಾರುಗಳಲ್ಲಿ ಖಾರವಾಗಿಯೇ ಆಡಿದ್ದೇನೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಈಚೆಗೆ ಗಾಳಿ ತಿರುಗಿತು. ಇಂಗ್ಲಿಷಿನಲ್ಲಿ ಬರೆದದ್ದು, ಇಂಗ್ಲಿಷಿಗೆ ತಂದದ್ದು ಎರಡನ್ನೂ ಒಂದೇ ಪಟ್ಟಿಯಲ್ಲಿ ಕೂಡಿಸತೊಡಗಿದರು. ಕನ್ನಡದಿಂದ ಹೋದ ಕಥೆಗಳಿಗೂ ಹೊರಗೆ ಮರ್ಯಾದೆ ಸಿಕ್ಕಿತು. ಆಗ ದೆಹಲಿಯ ಪ್ರಕಾಶಕರಿಗೆ ಒಮ್ಮೆಗೇ ಕನ್ನಡದಲ್ಲಿ ಇನ್ನು ಯಾರಿದ್ದಾರೆ ಎಂಬ ಆತುರ ಹುಟ್ಟಿತು. ನಾನು ತಮ್ಮನ ಒಂದು ಕಥೆಯನ್ನು ಅನುವಾದಿಸಿ ಒಂದು ವೆಬ್ ಪತ್ರಿಕೆಗೆ ಹಾಕಿದ್ದೆ. ಅದನ್ನು ಓದಿ ಒಬ್ಬ ಸಂಪಾದಕಿ ಬರೆದಳು: ಇಂಥವು ಇನ್ನೆಷ್ಟಿವೆ?

ಬಹಳ ಇದ್ದವು. ಭಾನುವಾರ ಚರ್ಚಿನಿಂದ ಬಂದು ಊಟ ಮಾಡಿ, ಅವನು ಓದುತ್ತಿದ್ದ, ನಾನು ಇಂಗ್ಲಿಷಿಗೆ ಇಳಿಸುತ್ತಿದ್ದೆ. ಆಮೇಲೆ ನಾನು ಓದಿ ತೋರಿಸುತ್ತಿದ್ದೆ. ಅವನು ಕಣ್ಣು ಮುಚ್ಚಿಕೊಂಡು ಕೇಳಿ, "ನಾ ಬರಿಗಾಲಿಲೆ ಕಳ್ಸಿದ್ದೆ ಅಕ್ಕಾ, ನೀ ಬೂಟು ಹಾಕ್ಸಿದಿ. ಬಿಚ್ಚು," ಅನ್ನುತ್ತಿದ್ದ. ಬಿಚ್ಚುತ್ತಿದ್ದೆ, ಬೈದುಕೊಂಡು.

ಸಂಪಾದಕಿಯ ಜೊತೆಗಿನ ಪತ್ರವ್ಯವಹಾರಕ್ಕೆ ಅವನ ಹೆಸರಿನ ಮೇಲ್ ನಾನೇ ತೆರೆದೆ. ಗುಪ್ತಪದವೂ ನನ್ನದೇ. ಅವನಿಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಬರೆಯಲು ಮನಸ್ಸಿರಲಿಲ್ಲ. ಅವಳ ಪ್ರಶ್ನೆ ಬಂದರೆ ನಾನು ಅವನಿಗೆ ಹೇಳುವುದು, ಅವನು ಸಂಜೆ ಔರಾದಿನ ಬಸ್ಸಿನಿಂದ ಫೋನಿನಲ್ಲಿ ಉತ್ತರ ಆಡುವುದು, ನಾನು ಹಳೆಯ ಉತ್ತರಪತ್ರಿಕೆಗಳ ಬೆನ್ನಿಗೆ ಗೀಚಿಕೊಂಡು ಇಂಗ್ಲಿಷ್ ಮಾಡಿ ಅವನ ಹೆಸರಿನಲ್ಲಿ ಕಳಿಸುವುದು. ಇದು ನಮ್ಮ ಪದ್ಧತಿ. ಉತ್ತರದ ನಡುನಡುವೆ ಕಂಡಕ್ಟರನ ಜೊತೆ ಚಿಲ್ಲರೆಯ ಜಗಳವೂ ಇರುತ್ತಿತ್ತು. ಅದನ್ನು ಮಾತ್ರ ನಾನು ಬಿಡುತ್ತಿದ್ದೆ.

ಪುಸ್ತಕ ಬಂತು. ಪ್ರಕಾಶಕರು ಬಹುಮಾನಕ್ಕೆ ಕಳಿಸುವ ಅರ್ಜಿಯನ್ನು ಸಹಿಗೆ ಕಳಿಸಿದರು. ಅದರಲ್ಲಿ ನಿಯಮಗಳಿದ್ದವು. ಒಂದು ನಿಯಮ: ಫಲಿತಾಂಶ ಘೋಷಿಸುವ ದಿನ ಲೇಖಕರು ಜೀವಂತವಾಗಿರಬೇಕು. ನಾನು ಅದನ್ನು ಓದಿ ಹೇಳಿದಾಗ ಅವನು ಸಹಿ ಹಾಕುತ್ತಾ, "ಹಂಗಾದ್ರ ಅಲ್ಲಿತನಕ ನನಗ ಜೋಪಾನ ಮಾಡು," ಅಂದಿದ್ದ. ಇಬ್ಬರೂ ನಕ್ಕಿದ್ದೆವು.

ಒಂದು ಬೆಳಿಗ್ಗೆ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಮುಂದೆಯೇ ಕುಸಿದ. ಔರಾದಿನಿಂದ ಬೀದರಿಗೆ ತರುವ ದಾರಿಯಲ್ಲಿ ಹೋದ. ಹೃದಯ ಎಂದರು. ಅವನ ಹೆಂಡತಿ ತನ್ನದೇ ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರಿಗೆ ಕಾಯುತ್ತಿದ್ದಳು. ನಾನು ಭಾಲ್ಕಿಯಿಂದ ಬರುವ ಹೊತ್ತಿಗೆ ಮುಖಕ್ಕೆ ಬಟ್ಟೆ ಎಳೆದಿದ್ದರು. ನಾನು ಅಳಲಿಲ್ಲ. ಬಂದವರೆಲ್ಲ ನನ್ನನ್ನು ಗಟ್ಟಿ ಹೆಂಗಸು ಅಂದರು. ಪತ್ರಿಕೆಯ ಜಿಲ್ಲಾ ಪುಟದಲ್ಲಿ 'ಶಿಕ್ಷಕ ನಿಧನ' ಎಂದು ಎರಡು ಬೆರಳಗಲದ ಸುದ್ದಿ ಬಂತು. ಕಥೆಗಾರ ಎಂದು ಅದರಲ್ಲಿ ಇರಲಿಲ್ಲ.

ಪಟ್ಟಿಯ ಮೇಲ್ ಬಂದದ್ದು ಹೀಗೆ, ಲೋಟ ತೊಳೆಯುವಾಗ. ಮೂರನೇ ದಿನದ ಪ್ರಾರ್ಥನೆ ಮುಗಿದ ಮೇಲೆ ಸಂಪಾದಕಿಯಿಂದ ಮತ್ತೊಂದು ಬಂತು: ಅಭಿನಂದನೆಗಳು, ಪರಿಚಯ ಪುಸ್ತಿಕೆಗೆ ಐದು ಸಾಲು ಬೇಕು, ನೀವು ಯಾಕೆ ಬರೆಯುತ್ತೀರಿ? ಪ್ರಶ್ನೆ ಅವನಿಗೆ. ಭಾಲ್ಕಿಯ ಸ್ಟಾಫ್ ರೂಮಿನಲ್ಲಿ ಕೂತು ಅಭ್ಯಾಸಬಲದಿಂದ ಒಂದು ಉತ್ತರಪತ್ರಿಕೆ ಮಗುಚಿ ಪೆನ್ನು ಹಿಡಿದೆ. ಸಂಜೆಯ ಬಸ್ಸಿಗೆ ಕಾಯುವ ಅಗತ್ಯವಿಲ್ಲ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಾನೇ ಐದು ಸಾಲು ಬರೆದೆ, ಇಂಗ್ಲಿಷ್ ಮಾಡಿದೆ, ಅವನ ಹೆಸರು ಹಾಕಿ ಕಳಿಸಿದೆ. ಸಲೀಸಾಗಿ ಬಂತು. ಅವಳು ತುಂಬ ಚೆನ್ನಾಗಿದೆ ಎಂದು ಬರೆದಳು, ಆರೋಗ್ಯ ಹೇಗಿದೆ ಎಂದು ಕೇಳಿದಳು.

ಯಾಕೆ ಹೇಳಲಿಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ಬಹುಮಾನ ಬೇಕಿತ್ತು. ಅವನಿಗೆ ಬೇಕಿತ್ತೋ ಇಲ್ಲವೋ, ನನಗೆ ಬೇಕಿತ್ತು. ಇಷ್ಟು ವರ್ಷ ಬೇರೆಯವರ ಬಂಗಾರದ ಚೀಟಿಯ ಪುಸ್ತಕಗಳನ್ನು ಪಾಠ ಮಾಡಿದವಳು, ಒಂದು ಸಲವಾದರೂ ನಮ್ಮ ಓಣಿಯದನ್ನು ಮಾಡಬೇಕು ಅಂದುಕೊಂಡಿದ್ದೆ. ಹೇಳಿದರೆ ಪುಸ್ತಕ ಪಟ್ಟಿಯಿಂದ ಬೀಳುತ್ತಿತ್ತು. ಇದು ಅರ್ಧ ಸತ್ಯ. ಇನ್ನರ್ಧ ಏನೆಂದರೆ, ಇಲ್ಲಿ ಎಲ್ಲರೂ ಅವನ ಬಗ್ಗೆ ಇದ್ದ, ಹೋದ ಎಂದು ಮಾತಾಡುತ್ತಿದ್ದರು. ದೆಹಲಿಯಲ್ಲಿ ಒಬ್ಬಳು ಅವನನ್ನು ಹೇಗಿದ್ದೀರಿ ಎಂದು ಕೇಳುತ್ತಿದ್ದಳು. ಆ ಪ್ರಶ್ನೆಗೆ ಚೆನ್ನಾಗಿದ್ದೇನೆ ಎಂದು ಟೈಪ್ ಮಾಡುವಾಗ ನನಗೆ ದಿನದಲ್ಲಿ ಅಷ್ಟು ಹೊತ್ತು ಉಸಿರಾಟ ಸರಿಯಾಗುತ್ತಿತ್ತು. ಉಳಿದ ಹೊತ್ತು ನಾನು ಪಾಠ ಮಾಡಿದೆ, ಬಸ್ಸು ಹತ್ತಿದೆ, ಇಳಿದೆ, ಅನ್ನ ಬೇಯಿಸಿದೆ. ರುಚಿ ಗೊತ್ತಾಗುತ್ತಿರಲಿಲ್ಲ.

ಅವನ ಹೆಂಡತಿ ಎಂಟನೆಯ ದಿನಕ್ಕೆ ಡ್ಯೂಟಿಗೆ ಹೋದಳು. ಪುಸ್ತಕ ಯಾವುದೋ ಪಟ್ಟಿಯಲ್ಲಿದೆ ಎಂದು ಅವಳಿಗೆ ಹೇಳಿದ್ದೆ. "ಹೌದೇನ್ರಿ," ಅಂದಿದ್ದಳು. ಪತ್ರಗಳ ವಿಷಯ ಹೇಳಲಿಲ್ಲ. ಫಲಿತಾಂಶದ ಮೇಲೆ ಹೇಳಿದರಾಯಿತು ಅಂದುಕೊಂಡೆ.

ಪುಸ್ತಕ ಕೊನೆಯ ಪಟ್ಟಿಗೂ ಬಂತು. ಈ ಸಲ ಸಂಪಾದಕಿ, ಲೇಖಕರ ಮೇಲೆ ಸಣ್ಣ ವಿಡಿಯೋ ಮಾಡಬೇಕು, ಹೈದರಾಬಾದಿನಿಂದ ಕ್ಯಾಮೆರಾದವರನ್ನು ಕಳಿಸುತ್ತೇವೆ ಎಂದು ಬರೆದಳು. ಆರೋಗ್ಯ ಸರಿಯಿಲ್ಲ, ಕ್ಯಾಮೆರಾ ಮುಂದೆ ಬರಲಾರೆ, ನನ್ನ ಅಕ್ಕ ಮಾತಾಡುತ್ತಾಳೆ ಎಂದು ಅವನ ಹೆಸರಿನಲ್ಲಿ ಉತ್ತರಿಸಿದೆ. ಅದುವರೆಗೆ ನಾನು ಅವನ ಪರವಾಗಿ ಬರೆಯುತ್ತಿದ್ದೇನೆ ಅಂದುಕೊಂಡಿದ್ದೆ. ಈ ಪತ್ರ ಅಪ್ಪಟ ಸುಳ್ಳು. ಕಳಿಸಿ ತರಗತಿಗೆ ಹೋದೆ.

ಕ್ಯಾಮೆರಾದವರು ನಲವತ್ತು ದಾಟಿದ, ಮೆತ್ತಗೆ ಮಾತಾಡುವ ಮನುಷ್ಯ. ಉತ್ತರದ ಕಡೆಯವರು, ಕನ್ನಡದ ಒಂದಕ್ಷರ ಗೊತ್ತಿಲ್ಲ. ಮೊದಲು ಗಾಂಧಿ ಗಂಜ್ ಮಾರುಕಟ್ಟೆಗೆ ಕರೆದೊಯ್ಯಿರಿ ಅಂದರು. ಹಮಾಲರು ತೊಗರಿಯ ಮೂಟೆ ಹೊರುವುದು, ತಳ್ಳುಗಾಡಿಗಳು, ಧೂಳು, ಎಲ್ಲವನ್ನೂ ಮನಸಾರೆ ಹಿಡಿದುಕೊಂಡರು. ನನ್ನ ತಮ್ಮನ ಒಂದು ಕಥೆಯಲ್ಲೂ ಗಂಜ ಇಲ್ಲ. ಅವನು ಬರೆದದ್ದು ಶಾಲೆಯ ಬಿಸಿಯೂಟದ ಹೆಂಗಸರ ಬಗ್ಗೆ, ಬಸ್ಸಿನಲ್ಲಿ ದಿನಾ ಒಂದೇ ಸೀಟಿಗೆ ಬಡಿದಾಡುವ ಇಬ್ಬರು ಗುಮಾಸ್ತರ ಬಗ್ಗೆ. ಹೇಳಿದೆ. ವಾತಾವರಣಕ್ಕೆ ಬೇಕು ಮೇಡಂ ಅಂದರು.

ಮಧ್ಯಾಹ್ನ ನೌಬಾದಕ್ಕೆ ಬಂದೆವು. ಕಾರು ಚೌಕದಲ್ಲಿ ತಿರುಗುವಾಗ ಅವರು ನಿಲ್ಲಿಸಿ ನಿಲ್ಲಿಸಿ ಎಂದು ಕೂಗಿದರು. ಅಲ್ಲಿ ತಮ್ಮನ ಬ್ಯಾನರು ಇತ್ತು. ಅವನು ಹೋದ ಮರುದಿನ ಗೆಳೆಯರು ಕಟ್ಟಿಸಿದ್ದು. 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಮೇಲೆ, ನಡುವೆ ಅವನ ದೊಡ್ಡ ಚಿತ್ರ, ಕೆಳಗೆ ಕಟ್ಟಿಸಿದ ಗೆಳೆಯರ ಮುಖಗಳು ಸಾಲಾಗಿ. ನಮ್ಮೂರಿನಲ್ಲಿ ಹುಟ್ಟುಹಬ್ಬಕ್ಕೂ ಸನ್ಮಾನಕ್ಕೂ ಸಾವಿಗೂ ಫ್ಲೆಕ್ಸ್ ಅಂಗಡಿಯವನು ಒಂದೇ ಚೌಕಟ್ಟು ಹಾಕುತ್ತಾನೆ, ಸುತ್ತ ಚೆಂಡುಹೂವು. ನಮ್ಮದು ಕ್ರೈಸ್ತರ ಮನೆ ಎಂದು ದೀಪದ ಚಿತ್ರ ಕೈಬಿಟ್ಟಿದ್ದರು. ತಮ್ಮ ಕ್ಯಾಮೆರಾ ನೋಡಿದರೆ ಮುಖ ತಿರುಗಿಸುವವನು, ನೇರ ನೋಡಿದ ಒಂದೇ ಫೋಟೋ ಎಂದರೆ ಭಾಲ್ಕಿಯಲ್ಲಿ ಸನ್ಮಾನ ಮಾಡಿದಾಗಿನದು. ಅದನ್ನೇ ಹಾಕಿದ್ದರು. ತಲೆಗೆ ಪೇಟ, ಮೈಗೆ ಶಾಲು, ಕೊರಳಿಗೆ ಹಾರ, ಮುಖದಲ್ಲಿ ಸಂಕೋಚದ ನಗು. ಇಲ್ಲಿ ಯಾರೂ ಬ್ಯಾನರು ಬಿಚ್ಚುವುದಿಲ್ಲ, ಗಾಳಿಯೇ ಹರಿಯಬೇಕು. ಇದಿನ್ನೂ ಹರಿದಿರಲಿಲ್ಲ.

ಇದು ಸರ್ ಅವರದೇ ಅಲ್ಲವೇ ಎಂದು ಅವರು ಹಿಂದಿಯಲ್ಲಿ ಕೇಳಿದರು. ಹೌದು ಅಂದೆ. ಊರೇ ಸಂಭ್ರಮ ಪಡುತ್ತಿದೆಯಲ್ಲ ಅಂದರು. ನೀವು ಕೆಳಗೆ ನಿಲ್ಲಿ ಅಂದರು. ನಿಂತೆ. ಪಕ್ಕದ ಪಾನ್ ಡಬ್ಬಿ ಅಂಗಡಿಯವನು ನನ್ನನ್ನೇ ನೋಡುತ್ತಿದ್ದ. ಸ್ವಲ್ಪ ನಗಿ ಮೇಡಂ ಅಂದರು.

ನಕ್ಕೆ.

ವಿಡಿಯೋ ಬರುವ ಮೊದಲೇ ಪ್ರಕಾಶಕರು ನಾನು ಬ್ಯಾನರಿನ ಕೆಳಗೆ ನಿಂತ ಫೋಟೋವನ್ನು ತಮ್ಮ ಪುಟಗಳಲ್ಲೆಲ್ಲ ಹಾಕಿದರು. ತನ್ನ ಲೇಖಕನನ್ನು ಮೆರೆಸುತ್ತಿರುವ ಊರು ಎಂದು ಅಡಿಬರಹ. ದೆಹಲಿಯವರು, ಮುಂಬೈಯವರು ಸಾಲುಸಾಲಾಗಿ ಹೃದಯದ ಚಿಹ್ನೆ ಒತ್ತಿದರು. ಇಂಥ ಊರುಗಳು ಇರುವತನಕ ಸಾಹಿತ್ಯ ಸಾಯುವುದಿಲ್ಲ ಎಂದು ಒಬ್ಬರು ಬರೆದರು. ಆಮೇಲೆ ಅದು ಕನ್ನಡ ಬಲ್ಲ ಮೊದಲ ಮನುಷ್ಯನ ಕಣ್ಣಿಗೆ ಬಿತ್ತು. ಅಲ್ಲಿಂದ ಸಂಜೆಯ ಹೊತ್ತಿಗೆ ಬೀದರಿನ ಎಲ್ಲ ವಾಟ್ಸಾಪ್ ಗುಂಪುಗಳಿಗೆ ಬಂದಿತ್ತು. ಕೆಲವರು ನಕ್ಕರು, ಕೆಲವರು ಬೈದರು. ಸತ್ತ ತಮ್ಮನ ಬ್ಯಾನರಿನ ಕೆಳಗೆ ಹಲ್ಲು ಕಿರಿದು ನಿಂತ ಅಕ್ಕ. ಬೈದದ್ದು ತಪ್ಪಲ್ಲ.

ಸಂಪಾದಕಿ ಫೋನ್ ಮಾಡಿದಳು. ಯಾವಾಗ ಎಂದಳು. ಹೇಳಿದೆ. ಹಾಗಾದರೆ ಆ ಐದು ಸಾಲು ಎಂದಳು. ನನ್ನದು ಅಂದೆ. ತೀರ್ಪುಗಾರರಿಗೆ ಅವು ತುಂಬ ಹಿಡಿಸಿದ್ದವು ಎಂದು ಅವಳು ಹೇಳಿದಳು, ಸಿಟ್ಟಿನಿಂದಲೋ ದುಃಖದಿಂದಲೋ ತಿಳಿಯಲಿಲ್ಲ. ಪುಸ್ತಕವನ್ನು ಪಟ್ಟಿಯಿಂದ ಹಿಂತೆಗೆದುಕೊಳ್ಳುವ ಪತ್ರವನ್ನು ತಾವೇ ಬರೆಯುತ್ತೇವೆ, ನೀವು ಇನ್ನು ಆ ಮೇಲ್ ಮುಟ್ಟಬೇಡಿ ಅಂದಳು. ಆಗಲಿ ಅಂದೆ. ಇಷ್ಟು ದಿನ ಆಸೆ ಹಿಡಿದುಕೊಂಡಿದ್ದ ಬಹುಮಾನ ಹೋಯಿತು, ನನಗೆ ಬಸ್ಸು ತಪ್ಪಿದಷ್ಟೂ ಬೇಸರವಾಗಲಿಲ್ಲ.

ಮರುದಿನ ಮಧ್ಯಾಹ್ನ ತಮ್ಮನ ಹೆಂಡತಿ ಡ್ಯೂಟಿ ಮುಗಿಸಿ ನೇರ ನನ್ನ ಮನೆಗೆ ಬಂದಳು. ಬಿಳಿ ಬಟ್ಟೆಯಲ್ಲೇ ಇದ್ದಳು, ಕೈಯಲ್ಲಿ ಊಟದ ಡಬ್ಬಿಯ ಚೀಲ. ಬೈಗುಳಕ್ಕೆ ನಾನು ತಯಾರಾಗಿ ಕೂತಿದ್ದೆ. ಅವಳು ನೀರು ಕುಡಿದಳು. "ಫೋಟೋ ನೋಡ್ದೆ ಅಕ್ಕಾರ. ವಾರ್ಡಿನಾಗ ಎಲ್ಲಾರೂ ತೋರಿಸ್ಲತ್ತಾರ," ಅಂದಳು. ನಾನು ಪತ್ರಗಳ ಸಂಗತಿ ಮೊದಲಿನಿಂದ ಹೇಳಿದೆ. ತಪ್ಪಾಯಿತು ಅಂದೆ. ಅವಳು ತಲೆ ಬಗ್ಗಿಸಿಕೊಂಡು ಕೇಳಿದಳು.

"ಅಂದ್ರ ಎರಡು ತಿಂಗಳು ಅವರು ಒಂದು ಜಾಗಾದಾಗ ಇದ್ರು," ಅಂದಳು. "ನನಗ ಯಾಕ ಹೇಳ್ಲಿಲ್ರಿ?"

ನಾನು ತಯಾರಿ ಮಾಡಿಕೊಂಡಿದ್ದು ಬೇರೆ ಪ್ರಶ್ನೆಗಳಿಗೆ.

"ಅವರು ಏನೇನ ಬರ್ದಾರ, ಓದ್ರಿ. ನಮ್ಮ ಮಾತಿನಾಗೇ ಓದ್ರಿ. ಇಂಗ್ಲಿಷ್‌ನಾಗ ನನಗ ಔಷಧದ ಹೆಸರಷ್ಟೇ ಹತ್ತತಾವ."

ನಾನು ಎಲ್ಲ ಪತ್ರಗಳ ಪ್ರಿಂಟ್ ತೆಗೆದು ಫೈಲಿನಲ್ಲಿ ಇಟ್ಟಿದ್ದೆ. ತಾರೀಖು ಹೇಳಲಿಲ್ಲ, ಯಾವುದು ಅವನು ಆಡಿದ್ದು ಯಾವುದು ನಾನು ಬರೆದದ್ದು ಎಂದೂ ಹೇಳಲಿಲ್ಲ. ಮೊದಲಿನದರಿಂದ ಓದುತ್ತಾ ಹೋದೆ. ವಿಚಿತ್ರವೆಂದರೆ ಕನ್ನಡ ಮಾಡುವ ಕಷ್ಟವೇ ಇರಲಿಲ್ಲ; ಇಂಗ್ಲಿಷ್ ಸಾಲು ಕಂಡ ತಕ್ಷಣ ಬಸ್ಸಿನಲ್ಲಿ ಅವನು ಆಡಿದ ಮಾತೇ ಬಾಯಿಗೆ ಬರುತ್ತಿತ್ತು. ಒಂದು ಕಡೆ ಅವನು, ಕಥೆಯಲ್ಲಿ ಬಿಸಿಯೂಟದ ಅವ್ವಂದಿರು ಬೈಯುವ ಬೈಗುಳ ತೆಗೆಯುವುದಾದರೆ ಅವರಿಗೇ ಬಂದು ಹೇಳಿರಿ, ಸೌಟು ಹಿಡಿದಿರುತ್ತಾರೆ ನೋಡಿಕೊಳ್ಳಿ ಅಂದಿದ್ದ. ಮತ್ತೊಂದರಲ್ಲಿ, "ನನ್ನ ಮಾರಿ ಪುಸ್ತಕದ ಮ್ಯಾಲೆ ಹಾಕಬ್ಯಾಡ್ರಿ, ಬಂದ ಗಿರಾಕಿನೂ ಓಡಿ ಹೋಗ್ತಾರ." ಅವಳು ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. "ಖರೆ ಅದರಿ, ಹಿಂಗೇ ಅಂತಿದ್ರು," ಅಂದಳು. ನಾನೂ ನಕ್ಕಿರಬೇಕು.

ಆಮೇಲೆ ಪರಿಚಯದ ಐದು ಸಾಲು ಬಂತು. ಯಾಕೆ ಬರೆಯುತ್ತೀರಿ ಎಂಬುದಕ್ಕೆ ಉತ್ತರ. ಇದನ್ನು ಕೇಳಿದರೆ ಅವಳಿಗೆ ಹಿತವಾಗುತ್ತದೆ ಅಂದುಕೊಂಡೇ ಓದಿದೆ. "ನನ್ನ ಕಥೆಗಳನ್ನು ಎಲ್ಲರಿಗಿಂತ ಮೊದಲು ಕೇಳುವವಳು ನನ್ನ ಹೆಂಡತಿ. ಅವಳ ತಾಳ್ಮೆ ಇಲ್ಲದಿದ್ದರೆ ನಾನು ಒಂದು ಸಾಲನ್ನೂ ಬರೆಯುತ್ತಿರಲಿಲ್ಲ."

ಅವಳು ಕೈ ಎತ್ತಿದಳು. "ನಿಂದರ್ರಿ ಅಕ್ಕಾರ."

ನಿಲ್ಲಿಸಿದೆ.

"ಅವರು ನನ್ನ ಮುಂದ ಒಂದು ಕಥಿನೂ ಓದಿಲ್ರಿ. ನಾನೂ ಓದಂತ ಅಂದಿಲ್ಲ. ಇಷ್ಟು ವರ್ಷದಾಗ ನನ್ನ ಬಗ್ಗಿ ಹಿಂಗ ಒಂದು ಮಾತು ಅವರ ಬಾಯಿಲೆ ಬಂದಿಲ್ಲ." ಅವಳ ದನಿಯಲ್ಲಿ ದೂರಿರಲಿಲ್ಲ. ಮುಂದೆ ಬಾಗಿ ಆ ಹಾಳೆಯನ್ನು ನನ್ನ ಕೈಯಿಂದ ತನ್ನ ಕಡೆಗೆ ತಿರುಗಿಸಿಕೊಂಡಳು. ಓದಲಿಲ್ಲ, ಮೊದಲ ಸಾಲಿನ ಮೇಲೆ ಬೆರಳಿಟ್ಟಳು.

"ಇಲ್ಲಿಗೆ ಅವರು ಹೋಗ್ಯಾರ," ಅಂದಳು. "ಮುಂದಿಂದು ಓದಬ್ಯಾಡ್ರಿ."

ಆಸ್ಪತ್ರೆಯಲ್ಲಿ ಮುಖದ ಬಟ್ಟೆ ಸರಿಸಿ ನೋಡಿದಾಗ ನನಗೆ ತಿಳಿಯದಿದ್ದದ್ದು, ಪೆಟ್ಟಿಗೆಯ ಮೇಲೆ ಹಿಡಿಮಣ್ಣು ಹಾಕಿದಾಗ ತಿಳಿಯದಿದ್ದದ್ದು, ಅವಳ ಬೆರಳು ಆ ಸಾಲಿನ ಮೇಲೆ ನಿಂತಾಗ ತಿಳಿಯಿತು. ನನ್ನ ತಮ್ಮ ಸತ್ತಿದ್ದ. ನಾನು ಬಾಯಿ ಬಿಟ್ಟು ಅಳತೊಡಗಿದೆ, ಪಕ್ಕದ ಮನೆಯವರು ಬಾಗಿಲಿಗೆ ಬರುವಷ್ಟು ಜೋರಾಗಿ. ಅವಳು ಎದ್ದು ಹೋಗಿ ಅವರಿಗೆ, "ಏನಿಲ್ರಿ, ಅಕ್ಕಾರಿಗೆ ಈಗ ಗೊತ್ತಾಗ್ಯಾದ," ಎಂದು ಹೇಳಿ ಬಂದು ನನ್ನ ಪಕ್ಕದಲ್ಲಿ ಕೂತಳು.